ಸೋಪಿನ ಪುಡಿ ಇದೆ, ಬಕೆಟ್ ಇಲ್ಲ

ಮಾಡದ ತಪ್ಪಿಗೆ ಬೈಸಿಕೊಳ್ಳುವವರಿಗೆ ಯಾವುದಾದರೂ ಪ್ರಶಸ್ತಿ ಇದ್ದಿದ್ದರೆ ಅದು ವರ್ಷವರ್ಷವೂ ಸೂಪರ್ ಮಾರ್ಕೆಟ್ಟಿನ ಫ್ಲೋರ್ ಇನ್‌ಚಾರ್ಜುಗಳಿಗೇ ಸಲ್ಲಬೇಕಿತ್ತು. ಮಂಡ್ಯದ ನೂರಡಿ ರಸ್ತೆಯಲ್ಲಿರುವ ಅಂಥದೊಂದು ಅಂಗಡಿಯಲ್ಲಿ ನಾನು ಆ ಹುದ್ದೆಯಲ್ಲಿದ್ದೇನೆ. ಎದೆಯ ಮೇಲೆ ನನ್ನ ಹೆಸರಿನ ಬಿಲ್ಲೆಯೂ ಇದೆ. ಬೈಯುವವರಿಗೆ ಹೆಸರು ಹುಡುಕುವ ತೊಂದರೆ ಬೇಡವೆಂದು ಕಂಪನಿಯವರು ಮಾಡಿರುವ ಏರ್ಪಾಡು ಅದು.

ಬೆಂಗಳೂರಿನ ನಮ್ಮ ಹೆಡ್ಡಾಫೀಸಿನಿಂದ ಮೊದಲು ಬರುವುದು ಪೋಸ್ಟರು. ಈ ಸಲದ್ದು, ‘ದೊಡ್ಡ ಪ್ಯಾಕ್ ಸೋಪಿನ ಪುಡಿ ಕೊಂಡರೆ ಬಕೆಟ್ ಉಚಿತ’ ಎಂದು. ಹಳದಿ ಬಕೆಟ್ಟು ಹಿಡಿದ ಹೆಂಗಸೊಬ್ಬಳು ಆಳೆತ್ತರ ನಿಂತು ನಗುತ್ತಿದ್ದಾಳೆ. ನಗಲಿ, ಅವಳಿಗೇನು, ಬೈಸಿಕೊಳ್ಳುವವನು ನಾನು. ಬಕೆಟ್ಟುಗಳು ಮೊದಲ ಸಲ ಒಂದಿಷ್ಟು ಬಂದವು, ಆಮೇಲೆ ಪತ್ತೆಯಿಲ್ಲ. ಪುಡಿ ಮಾತ್ರ ಬರುತ್ತಲೇ ಇದೆ. ನಮ್ಮ ಜನ ಪೋಸ್ಟರು ಓದಿ ಸುಮ್ಮನೆ ಹೋಗುವವರಲ್ಲ. ಒಬ್ಬ ಯಜಮಾನರು ಪೋಸ್ಟರಿನ ಹೆಂಗಸನ್ನು ತೋರಿಸಿ, “ಇವ್ಳ ಕೈಲಿರೋದ್ನೇ ಈಸ್ಕೊಡ್ಲಾ” ಎಂದರು.

ಯಲಿಯೂರಿನ ಪುಟ್ಟಮ್ಮನವರೂ ಹೀಗೆ ಬೈದು ಹೋಗಿದ್ದರೆ ನಾನು ಮರೆತುಬಿಡುತ್ತಿದ್ದೆ. ಅವರು ಬೈಯಲಿಲ್ಲ. ಪುಡಿ ಕೊಂಡು ಬಿಲ್ಲು ಹಾಕಿಸಿದ್ದರು, ಬಕೆಟ್ಟು ಆಮೇಲೆ ಕೊಡುತ್ತೇನೆಂದು ನಾನು ಮಾತು ಕೊಟ್ಟಿದ್ದೆ. ಅದನ್ನು ನಂಬಿ ಪಾಪ ರೈಲಿನಲ್ಲಿ ಬಂದು ಬರಿಗೈಯಲ್ಲಿ ಹೋಗುತ್ತಿದ್ದರು. “ಮಗ್ಳು ಬಾಣಂತನಕ್ಕೆ ಬಂದವ್ಳೆ ಕಣಪ್ಪ. ಕೂಸ್ಗೆ ನೀರು ಉಯ್ಯಕ್ಕೆ ಒಸಾ ಬಕೀಟ್ ಬೇಕು. ಅಳೇದ್ರಲ್ಲಿ ದನಕ್ಕೆ ಕಲಗಚ್ಚು ಇಡ್ತೀವಿ. ನೀ ಕೊಡ್ತೀಯ ಅಂತ್ಲೇ ಆ ಪುಡಿ ತಕ್ಕಂಡೆ. ಇಲ್ದಿದ್ರೆ ನಮ್ಗೆ ಬಿಲ್ಲೆ ಸೋಪೇ ಸಾಕಾಗಿತ್ತು” ಎಂದು ಮೆತ್ತಗೆ ಹೇಳುವಾಗ ನನಗೆ ನಾಚಿಕೆಯಿಂದ ತಲೆಯೆತ್ತಲು ಆಗುತ್ತಿರಲಿಲ್ಲ.

ಬೆಂಗಳೂರಿಗೆ ಫೋನು ಮಾಡಿದೆ. “ನಿಮ್ಮಲ್ಲಿ ಸ್ಟಾಕ್ ಇದೆಯಲ್ಲ ಸರ್, ಸಿಸ್ಟಂನಲ್ಲಿ ತೋರಿಸ್ತಾ ಇದೆ. ಅದು ಖಾಲಿಯಾದ ಮೇಲೆ ಕಳಿಸ್ತೀವಿ” ಎಂದಿತು ಒಂದು ತಣ್ಣನೆಯ ದನಿ. ನನಗೆ ಮೈಯೆಲ್ಲ ಉರಿದುಹೋಯಿತು. “ಕಂಪ್ಯೂಟರೊಳಗೆ ಕೈ ಹಾಕಿ ತೆಗೆದುಕೊಡಲೇನ್ರೀ?” ಎಂದು ಕೂಗಾಡಿದೆ. ಬೇರೆ ಶಾಖೆಗಳನ್ನಾದರೂ ಕೇಳೋಣವೆಂದರೆ ಮದ್ದೂರಿನವರು, “ನಮ್ಮಲ್ಲಿ ಪುಡೀನೂ ಇಲ್ಲ ಸಾ, ಪೋಸ್ಟರ್ ಒಂದೈತೆ” ಎಂದರು. ಮಳವಳ್ಳಿಯವರು, “ನೀವೇ ಪುಣ್ಯವಂತರು ಬುಡಿ ಸಾ. ಇಲ್ಲಿ ಬಂಡೂರೋರೊಬ್ರು ಪೋಸ್ಟರ್ನೇ ಕಿತ್ಕೊಂಡು ಒಂಟೋದ್ರು. ಬಕೀಟ್ ಕೊಟ್ಟಾಗ ವಾಪಸ್ ಕೊಡ್ತಾರಂತೆ” ಎಂದರು.

ಕಳೆದ ಶುಕ್ರವಾರ ಪುಟ್ಟಮ್ಮನವರು ಮತ್ತೆ ಬಂದರು. ಕುರ್ಚಿ ಹಾಕಿ ಕೂರಿಸಿ, ಬೆಂಗಳೂರಿನವರು ಮಂಡ್ಯಕ್ಕೆ ಮಾಡುತ್ತಿರುವ ಅನ್ಯಾಯದ ಬಗ್ಗೆ ಒಂದು ಭಾಷಣವನ್ನೇ ಮಾಡಿದೆ. ಕೇಳುತ್ತಿದ್ದ ಇಬ್ಬರು ಗಿರಾಕಿಗಳು ತಲೆದೂಗಿದರು. ಪುಟ್ಟಮ್ಮನವರು ಎಲ್ಲವನ್ನೂ ಕೇಳಿ, ಮುಖ ತೊಳೆದುಕೊಂಡು ಬರುತ್ತೇನೆಂದು ಹಿಂದಕ್ಕೆ ಹೋದರು. ವಾಪಸು ಬರುವಾಗ ಅವರ ಕೈಯಲ್ಲಿ ಒಂದು ಹಳದಿ ಬಕೆಟ್ಟಿತ್ತು, ಅದರೊಳಗೆ ನೆಲ ಒರೆಸುವ ಬಟ್ಟೆಯಿತ್ತು.

“ಇದ್ಯಾವ್ದಪ್ಪ? ಅಲ್ಲಿ ಇನ್ನೊಂದ್ರಲ್ಲಿ ಟೀ ಲೋಟ ನೆನೆ ಹಾಕವ್ರೆ.”

ಕೆಲಸದವರೆಲ್ಲ ನನ್ನ ಮುಖ ನೋಡಿದರು. ಅಂಗಡಿಯ ಹಳೆಯ ಬಕೆಟ್ಟು ಒಡೆದಾಗ, ಹೊಸದಕ್ಕೆ ಬೆಂಗಳೂರಿನ ಅನುಮತಿ ಕಾಯುವವರು ಯಾರೆಂದು, “ಬಂದಿರೋದ್ರಲ್ಲೇ ತಗೊಳ್ರಪ್ಪ” ಎಂದವನು ನಾನೇ. ಅವಕ್ಕೆ ಯಾರೂ ಬಿಲ್ಲು ಹಾಕಿರಲಿಲ್ಲ. ಹಾಗಾಗಿ ಕಂಪ್ಯೂಟರಿನ ಪ್ರಕಾರ ಅವು ಇನ್ನೂ ಅಂಗಡಿಯಲ್ಲೇ ಇದ್ದವು, ನಿಜಕ್ಕೂ ಅಂಗಡಿಯಲ್ಲೇ ಇದ್ದವು.

“ನೆಲ ಒರ್ಸಿದ್ರಲ್ಲಿ ಕೂಸ್ಗೆ ನೀರು ಉಯ್ಯಕಾದದಾ?” ಎಂದರು ಪುಟ್ಟಮ್ಮ.

ಆಗ ಇನ್ನೊಂದು ಬಕೆಟ್ಟು ನೆನಪಾಯಿತು. ಗುಣಮಟ್ಟ ಪರೀಕ್ಷಿಸಲೆಂದು ನಾನು ಮನೆಗೆ ಒಯ್ದಿದ್ದು. ಪರೀಕ್ಷೆ ಇನ್ನೂ ಮುಗಿದಿರಲಿಲ್ಲ. ಗೋಡೌನಿನಲ್ಲಿ ಹುಡುಕಿ ಬರುತ್ತೇನೆಂದು ಹೇಳಿ ಬೈಕು ಹತ್ತಿದೆ. ಮನೆಯಲ್ಲಿ ಹೆಂಡತಿ ಅದರಲ್ಲೇ ಬಿಸಿನೀರು ತೋಡಿಕೊಂಡು ಸ್ನಾನ ಮಾಡುತ್ತಿದ್ದಳು. “ಮಾನದ ಪ್ರಶ್ನೆ ಕಣೇ” ಎಂದು ಬಚ್ಚಲ ಬಾಗಿಲು ಬಡಿದು, ಇದ್ದ ನೀರನ್ನು ಚೆಲ್ಲಿಸಿ, ಬಕೆಟ್ಟು ಈಸಿಕೊಂಡೆ. ನನ್ನ ಮಾನದ ಬಗ್ಗೆ ಅವಳು ಒಳಗಿನಿಂದ ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ.

ಚೆನ್ನಾಗಿ ಒರೆಸಿ ತಂದು ಪುಟ್ಟಮ್ಮನವರ ಮುಂದಿಟ್ಟೆ. “ನೋಡಿ ಅವ್ವ, ಗೋಡೌನಿನ ಮೂಲೆಯಲ್ಲಿ ಒಂದು ಉಳಿದಿತ್ತು” ಎಂದೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಕೊನೆಗೆ ಮೂಗು ಒಳಗಿಟ್ಟರು.

“ಸೀಗೇಪುಡಿ ವಾಸ್ನೆ ಬತ್ತಾದಲ್ಲಪ್ಪ. ಸುಕ್ರವಾರ ಅಂತ ನಿನ್ ಗೋಡೌನು ತಲೆಗೆ ನೀರು ಉಯ್ಕತ್ತಾ? ಓಗ್ಲಿ ಬುಡು, ನೆಲ ಒರ್ಸಿದ್ದಲ್ವಲ್ಲ.”

ಬಕೆಟ್ಟನ್ನು ಕಂಕುಳಿಗೆ ಸೇರಿಸಿ ಅವರು ರೈಲಿಗೆ ಹೊರಟರು. ಅಷ್ಟರಲ್ಲಿ ಮನೆಯಿಂದ ಫೋನು ಬಂತು. ನಾನು ಎತ್ತಲಿಲ್ಲ.