ಗಟ್ಟಿ ಆಗು

ಎಲ್ಲಪ್ಪನ ಕಷ್ಟಕ್ಕೆಲ್ಲ ಕಾರಣ ಅವನ ಗಂಟಲು. ಹಾಡಲು, ಕೆಮ್ಮಲು, ಎಮ್ಮೆಯ ಜೊತೆ ಮಾತಾಡಲು ಅದು ಚೆನ್ನಾಗಿಯೇ ಇತ್ತು. ಇನ್ನೊಬ್ಬರಿಗೆ ಹುಕುಂ ಕೊಡಬೇಕು ಅಂದಾಗ ಮಾತ್ರ ಬಾಗಿಲು ಹಾಕಿಕೊಳ್ಳುತ್ತಿತ್ತು. ಅಂಥವನಿಗೆ ಸಿಕ್ಕಿದ್ದು ಮಕ್ತಲದ ಹೊರಗಿನ ನಾಕಾದಲ್ಲಿ ಬಂಡಿ ನಿಲ್ಲಿಸುವ ನೌಕರಿ.

ಪೊಲೀಸ್ ಆಕ್ಷನ್ ಆಗಿ ಎರಡು ತಿಂಗಳಾಗಿತ್ತು. ನಿಜಾಮರ ಕಾಲದ ಜವಾನರು ಯಾರಿಗೂ ಹೇಳದೆ ಊರು ಬಿಟ್ಟಿದ್ದರು. ಖಾಲಿ ಬಿದ್ದ ಜಾಗಕ್ಕೆ ಕೃಷ್ಣೆಯ ಆಚೆ, ರಾಯಚೂರು ಕಡೆಯ ಹಳ್ಳಿಯಿಂದ ಎಲ್ಲಪ್ಪ ಎರಡು ಭಾಷೆ ಬೆರೆತ ಈ ಸೀಮೆಗೆ ಬಂದಿದ್ದ. ಬಂದು ಒಂದು ವಾರವೂ ಆಗಿರಲಿಲ್ಲ. ಸೊಂಟಕ್ಕೆ ಹಳೆಯ ಪಟ್ಟಾ, ಅದಕ್ಕೆ ಹಿತ್ತಾಳೆಯ ಬಿಲ್ಲೆ. ಹೊಸ ಸರಕಾರದ ಬಿಲ್ಲೆ ಇನ್ನೂ ಬಾರದ ಕಾರಣ ಹಳೆಯದನ್ನೇ ಮುಖ ಒಳಗೆ ಮಾಡಿ ಕಟ್ಟಿಕೊಂಡಿದ್ದ. ಬಿಲ್ಲೆಯೂ ತನ್ನಂತೆ ನಾಚಿಕೊಂಡಿದೆ ಎಂದು ಅವನಿಗೆ ಆಗಾಗ ಅನಿಸುತ್ತಿತ್ತು.

ಕೆಲಸವೇನೂ ದೊಡ್ಡದಲ್ಲ. ಪರವಾನಗಿ ಇಲ್ಲದೆ ಧಾನ್ಯ ತಾಲೂಕು ದಾಟಬಾರದು. ಕೊತ್ತಪಲ್ಲಿ ಕಡೆಯಿಂದ ಮಾಗನೂರಿಗೆ ಹೋಗುವ ಬಂಡಿಗಳನ್ನು ನಿಲ್ಲಿಸಿ, ಚೀಲ ಮುಟ್ಟಿ ನೋಡಿ ಬಿಡಬೇಕು. ಎಲ್ಲಪ್ಪ ರಸ್ತೆಯ ಅಂಚಿಗೆ ನಿಂತು ಬಾಯಿ ತೆರೆಯುತ್ತಿದ್ದ. ‘ನಿಲ್ಲು’ ಅನ್ನುವುದರಲ್ಲಿನ ‘ನಿ’ ನಾಲಿಗೆಗೆ ಬರುವಷ್ಟರಲ್ಲಿ ಬಂಡಿ ಹುಣಸೆಮರ ದಾಟಿರುತ್ತಿತ್ತು.

“ಬಂಡಿಯವ್ರು ನೀ ಆಕಳಿಸ್ತೀ ಅಂತ ತಿಳಕೊಂಡಾರಪ್ಪ,” ಅಂದಳು ಎದುರಿಗೆ ಕುಳಿತು ಹುರಿದ ಶೇಂಗಾ ಮಾರುವ ಜಮ್ಮುಲಮ್ಮ. “ಕೈಯಾದ್ರೂ ಎತ್ತಬಾರದಾ?”

“ಎತ್ತಿದ್ನಿ ಅಕ್ಕಾ. ರಾಮ್ ರಾಮ್ ಅಂತ ಅವ್ರೂ ಕೈ ಎತ್ತಿ ಹೋದ್ರು.”

ಆ ದಿನ ಮುಂಜಾನೆ ನಾಕಾದ ಮುನ್ಷಿ ಸುಧೀಂದ್ರರಾಯರು ಕುರ್ಚಿಯಲ್ಲಿ ಕುಳಿತಲ್ಲಿಂದಲೇ ಅವನನ್ನು ಕರೆದರು.

“ಇವತ್ತು ಮಿಲಿಟರಿ ಸಾಹೇಬರು ತಪಾಸಣಿಗೆ ಬರ್ತಾರ. ಅವರ ಕಣ್ಣ ಮುಂದ ಒಂದು ಬಂಡಿ ದಾಟಿ ಹೋತು ಅಂದ್ರ ನಿನ್ನ ಪಟ್ಟಾ ಬಿಚ್ಚಿದಂಗ.”

ಎಲ್ಲಪ್ಪ ಪಟ್ಟಾವನ್ನು ಎರಡೂ ಕೈಯಿಂದ ಹಿಡಿದುಕೊಂಡ. ಹೆಂಡತಿ ಮೊಗುಲಮ್ಮ ಬಾಣಂತನ ಮುಗಿಸಿ ತವರಿನಲ್ಲಿದ್ದಳು. ನೌಕರಿ ಪಕ್ಕಾ ಆದಮೇಲೆ ಮಗಳನ್ನೂ ಮೊಮ್ಮಗನನ್ನೂ ಕಳಿಸುತ್ತೇನೆ ಎಂದು ಮಾವ ಖಡಾಖಂಡಿತ ಹೇಳಿದ್ದ. ಮಗನ ಮುಖವನ್ನು ಎಲ್ಲಪ್ಪ ಇನ್ನೂ ನೋಡಿರಲಿಲ್ಲ.

“ರಾಯರೇ, ಗಂಟಲು ಬಿಡವಲ್ದ್ರಿ.”

ರಾಯರಿಗೆ ಇಂಥ ಸಂದರ್ಭ ಹಬ್ಬದೂಟ ಇದ್ದಂತೆ. ಶಲ್ಯ ಸರಿ ಮಾಡಿಕೊಂಡರು. “ಎಲ್ಲಾ ಇರೋದು ಮನಸ್ಸಿನಾಗ. ನೀ ಮಂದಿಗೆ ಹುಕುಂ ಕೊಡಾಕ ಹೋಗಬ್ಯಾಡ. ಮೊದಲ ನಿನ್ನ ಮನಸ್ಸಿಗೆ ಹುಕುಂ ಕೊಡು. ‘ಗಟ್ಟಿ ಆಗು’ ಅನ್ನು. ಬಂಡಿ ಕಂಡಾಗೊಮ್ಮೆ ಅನ್ನು. ಮನಸ್ಸು ಗಟ್ಟಿ ಆತಂದ್ರ ಬಂಡಿ ತಾನ ನಿಲ್ತೈತಿ. ಆಕ್ಷನ್ ಹೊತ್ತಿನಾಗ ನಾನೂ ಹಂಗ ಅನ್ಕೊಂಡೇ ಕುಂತಿದ್ದೆ.”

“ಎಲ್ಲಿ ಕುಂತಿದ್ರಿ ರಾಯರ?” ಜಮ್ಮುಲಮ್ಮ ಕೇಳಿದಳು.

“ಮನಿಯೊಳಗ.”

“ಜೋಳದ ಚೀಲದ ಹಿಂದ,” ಅಂದಳು ಅವಳು, ಶೇಂಗಾ ಸಿಪ್ಪೆ ಊದುತ್ತ.

ಮೊದಲು ಬಂದದ್ದು ಕೊತ್ತಪಲ್ಲಿಯ ಕುರುಮಯ್ಯನ ಬಂಡಿ. ಶೇಂಗಾ ಚೀಲ ಹೇರಿಕೊಂಡು, ಎಂದಿನಂತೆ ಎಲ್ಲಪ್ಪನನ್ನು ಮೈಲುಗಲ್ಲು ನೋಡಿದಂತೆ ನೋಡುತ್ತ ಬರುತ್ತಿದ್ದ. ಎಲ್ಲಪ್ಪ ಕಣ್ಣು ಮುಚ್ಚಿದ. ಬಂಡಿಯನ್ನು ಮರೆತ, ಕುರುಮಯ್ಯನ ಮೀಸೆಯನ್ನು ಮರೆತ. ತನ್ನಷ್ಟಕ್ಕೆ ತಾನೇ ಹೇಳಿಕೊಂಡ: “ಗಟ್ಟಿ ಆಗು.”

ಹೇಳಿಕೊಳ್ಳುವುದು ತನಗೇ ಅಲ್ಲವೇ, ಗಂಟಲು ತಕರಾರು ಮಾಡಲಿಲ್ಲ. ಮಾತು ಸಲೀಸಾಗಿ, ತುಸು ಜೋರಾಗಿಯೇ ಬಂತು.

ಗಾಲಿಯ ಕಿರ್ರೆನ್ನುವ ಸದ್ದು ನಿಂತಿತು. ಕಣ್ಣು ಬಿಟ್ಟರೆ ಎತ್ತಿನ ಮೂತಿ ಎದೆಯ ಹತ್ತಿರವಿತ್ತು.

“ಆಗಿನ ದೊರಾ,” ಅಂದ ಕುರುಮಯ್ಯ, ಹಗ್ಗ ಜಗ್ಗಿ ಹಿಡಿದು.

ಎಲ್ಲಪ್ಪನ ಕಿವಿಗೆ ಅದು ‘ಆಗೀನಿ’ ಎಂದು ಕೇಳಿಸಿತು. ತನ್ನ ಧೈರ್ಯ ತುಂಬಿ ಚೆಲ್ಲಿ ಎದುರಿನವನಿಗೂ ಅಂಟಿತೆಂದುಕೊಂಡ. ಚೀಲಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. “ಹೋಗು” ಎಂದು ಹೇಳುವ ಮೊದಲೇ ಕುರುಮಯ್ಯ ಹೊರಟುಹೋದ, ಅದು ಬೇರೆ ಮಾತು.

ಆಮೇಲೆ ಬಂದವರೆಲ್ಲ ನಿಂತರು. ಎಲ್ಲಪ್ಪ ತನ್ನ ಮನಸ್ಸಿಗೆ ಹುಕುಂ ಕೊಡುತ್ತ ಹೋದ, ಬಂಡಿಗಳು ಸಾಲುಗಟ್ಟುತ್ತ ಹೋದವು. ಒಂದು ಕುರಿಹಿಂಡು ನಿಂತಿತು. ಇಳಿಜಾರಿನಲ್ಲಿ ಸೈಕಲ್ ಮೇಲೆ ಬರುತ್ತಿದ್ದ ಕ್ಷೌರದವನು ಗಕ್ಕನೆ ನಿಲ್ಲಲು ಹೋಗಿ ಪೆಟ್ಟಿಗೆ ಸಮೇತ ಹುಲ್ಲಿನಲ್ಲಿ ಕುಳಿತ. ಮಧ್ಯಾಹ್ನದ ಹೊತ್ತಿಗೆ ಎಲ್ಲಪ್ಪನ ಬೆನ್ನು ಬಿದಿರುಗೋಲಿನಂತೆ ನೆಟ್ಟಗಾಗಿತ್ತು. ಬಿಲ್ಲೆಯನ್ನು ಹೊರಮುಖ ಮಾಡಿದ.

“ಭಾಳ ಲಗೂನ ಕಲ್ತಿ ಬಿಡಪ್ಪ,” ಅಂದಳು ಜಮ್ಮುಲಮ್ಮ.

“ಕಲಿಯೋದೇನೈತಿ ಅಕ್ಕಾ. ಒಳಗ ಇತ್ತು, ಹೊರಗ ಬಂತು.”

“ಒಳಗಿತ್ತಾ? ನಿಮ್ಮವ್ವ ಈ ಕಡಿಯಾಕಿ ಏನು?” ಎಂದು ಅವಳು ಕೇಳಿದ್ದು ಅವನಿಗೆ ಅರ್ಥವಾಗಲಿಲ್ಲ. ಕೇಳುವಷ್ಟರಲ್ಲಿ ದೂರದಲ್ಲಿ ಧೂಳೆದ್ದಿತು.

ಜೀಪು ಬಿರುಗಾಳಿಯಂತೆ ಬಂತು. ಎಲ್ಲಪ್ಪನ ಹಳೆಯ ಹೆದರಿಕೆ ಒಮ್ಮೆಗೇ ಮರಳಿ ಬಂತು. ಅದನ್ನು ಓಡಿಸಲು ಇದ್ದ ಶಕ್ತಿಯನ್ನೆಲ್ಲ ಹಾಕಿ ಕೂಗಿಕೊಂಡ:

“ಗಟ್ಟಿ ಆಗು!”

ಜೀಪು ನೆಲ ಕೆರೆದು ನಿಂತಿತು. ಸಾಹೇಬರ ಟೋಪಿ ಹಾರಿ ಅವರ ಮಡಿಲಿಗೇ ಬಿತ್ತು. ಡ್ರೈವರ್ ಬಾಲಯ್ಯ ಸ್ಟೇರಿಂಗಿಗೆ ಅಂಟಿಕೊಂಡಿದ್ದ. ರಾಯರು, ಆ ವಾರದಲ್ಲಿ ಮೊದಲ ಸಲ, ಕುರ್ಚಿ ಬಿಟ್ಟು ಓಡಿ ಬಂದರು.

ಸಾಹೇಬರು ಟೋಪಿ ಇಟ್ಟುಕೊಂಡು ಎಲ್ಲಪ್ಪನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಆಮೇಲೆ ನಕ್ಕು ಹಿಂದೂಸ್ತಾನಿಯಲ್ಲಿ ಏನೋ ಹೇಳಿದರು.

“ಈ ತಾಲೂಕಿನಾಗ ತಮ್ಮ ಗಾಡಿ ನಿಲ್ಲಿಸಿದ ಮೊದಲ ಗಂಡಸು ನೀನಂತ,” ರಾಯರು ಅನುವಾದಿಸಿದರು. “ಮಾಗನೂರ ನಾಕಾಕ್ಕ ಜಮೇದಾರ ಇಲ್ಲ. ಈಗಿಂದ ನೀನೇ. ಗಾಡಿ ಹತ್ತು.” ತಿರುಗಿ ಸಾಹೇಬರಿಗೆ, “ಹುಜೂರ್, ಇವ ನನ್ನ ಶಿಷ್ಯ,” ಎಂದು ಸೇರಿಸಿ ತಾವೂ ಹತ್ತಿದರು.

ದಾರಿಯುದ್ದಕ್ಕೂ ಎಲ್ಲಪ್ಪ ಮಾವನ ಮುಖವನ್ನು ನೆನೆದ. ಜಮೇದಾರ ಎಲ್ಲಪ್ಪ. ಮಗನಿಗೆ ಬಿಲ್ಲೆ ಆಡಲು ಕೊಡಬೇಕು, ಬಾಯಿಗೆ ಇಟ್ಟುಕೊಳ್ಳದಂತೆ ನೋಡಿಕೊಳ್ಳಬೇಕು ಎಂದುಕೊಂಡ.

ಮಾಗನೂರಿನಲ್ಲಿ ಇಳಿದಾಗ ಹೊಳೆಯ ಕಡೆಯಿಂದ ಒಬ್ಬ ಮುದುಕ ಜೋಳದ ಬಂಡಿ ಹೊಡೆದುಕೊಂಡು ಬರುತ್ತಿದ್ದ. ಎಲ್ಲಪ್ಪನ ಊರ ಕಡೆಯದೇ ರುಮಾಲು. ಸಾಹೇಬರು ಗದ್ದ ಎತ್ತಿ ತೋರಿಸಿದರು. ಎಲ್ಲಪ್ಪ ರಸ್ತೆಯ ನಡುವೆ ನಿಂತು, ಕಣ್ಣು ಕೂಡ ಮುಚ್ಚದೆ, ಕೂಗಿದ.

“ಗಟ್ಟಿ ಆಗು.”

ಮುದುಕ ಅವನನ್ನು ಅಂತಃಕರಣದಿಂದ ನೋಡಿದ. “ಆಗ್ಲಿ ಬಿಡಪ್ಪ. ನೀನೂ ಆಗು,” ಎಂದು ಎತ್ತಿನ ಬಾಲ ಮುಟ್ಟಿದ. ಬಂಡಿ ಎಲ್ಲಪ್ಪನನ್ನು ಸುತ್ತು ಹಾಕಿ ಮುಂದೆ ಹೋಯಿತು.

“ಗಟ್ಟಿ ಆಗು!” ಎಲ್ಲಪ್ಪ ಹಿಂದೆ ಓಡಿದ.

“ಈ ವಯಸ್ಸಿನಾಗ ಇನ್ನೆಷ್ಟು ಆಗ್ಲೋ ತಮ್ಮಾ,” ಎಂಬ ಮಾತು ಧೂಳಿನೊಳಗಿಂದ ಬಂತು.

ಸಾಹೇಬರು ರಾಯರ ಕಡೆ ತಿರುಗಿದರು. ಇವನು ಏನು ಹೇಳಿದ, ಅವನು ಏನು ಹೇಳಿದ ಎಂದು ಕೇಳಿದರು. ರಾಯರು ಬೆವರುತ್ತ, ಇವನು ಗಟ್ಟಿಯಾಗು ಎಂದನೆಂದೂ ಅವನು ಆಗಲಿ ಎಂದನೆಂದೂ ತಿಳಿಸಿದರು. ಹುಕುಂ ಕೊಟ್ಟದ್ದಾಗಿದೆ, ಅವನು ಒಪ್ಪಿದ್ದೂ ಆಗಿದೆ, ಹಾಗಿದ್ದರೆ ಬಂಡಿ ಎಲ್ಲಿ ಎಂಬುದು ಅವರ ಪ್ರಶ್ನೆ.

ಬಾಲಯ್ಯ ಜೀಪಿನೊಳಗೆ ಬಾಯಿಗೆ ಟವೆಲು ಒತ್ತಿಕೊಂಡು ನಗುತ್ತಿದ್ದ. “ರಾಯರ, ಹುಜೂರರಿಗೆ ಹೇಳ್ರಿ. ನಮ್ಮ ತೆಲುಗಿನಾಗ ‘ಆಗು’ ಅಂದ್ರ ನಿಲ್ಲು ಅಂತ. ಅದಕ್ಕ ನಾ ಬ್ರೇಕ್ ತುಳಿದ್ನಿ. ಈ ಕನ್ನಡದ ಮುದುಕ ಯಾಕ ನಿಂತಾನು?”

ರಾಯರು ಹಣೆ ಒತ್ತಿಕೊಂಡರು. “ಎರಡೂ ಭಾಷಾ ಹುಟ್ಟಿದಾಗಿಂದ ಬಲ್ಲೆ. ನನಗ ಹೊಳೀಲಿಲ್ಲಲ್ಲೋ.”

ಸಾಹೇಬರು ಕೆಟ್ಟವರಲ್ಲ. ಜಮೇದಾರಿ ರದ್ದಾಯಿತು, ಮಕ್ತಲದಲ್ಲಿ ಆ ಮಾತು ನಡೆಯುವುದರಿಂದ ಅಲ್ಲಿಯೇ ಇರಲಿ ಅಂದರು. ನಾಳೆಯಿಂದ ಒಂದು ಬಂಡಿ ತಪ್ಪಿದರೂ ಪಟ್ಟಾ ಬಿಚ್ಚಿಡಬೇಕು. ಜೀಪು ರಾಯರನ್ನು ಕೂರಿಸಿಕೊಂಡು ಹೋಯಿತು. ಎಲ್ಲಪ್ಪನಿಗೆ ಹತ್ತು ಎಂದು ಯಾರೂ ಹೇಳಲಿಲ್ಲ, ಹತ್ತಲೇ ಎಂದು ಅವನೂ ಕೇಳಲಿಲ್ಲ.

ಬಿಸಿಲು ಇಳಿದಿತ್ತು. ನಡೆಯುತ್ತ ನಡೆಯುತ್ತ ಅವನ ಮನಸ್ಸು ಹಗುರಾಯಿತು. ಜಮೇದಾರಿ ಹೋದರೆ ಹೋಗಲಿ. ನೌಕರಿ ಇದೆ, ಮಾತು ಗೊತ್ತಾಗಿದೆ. ಧೈರ್ಯವೂ ಬೇಡ, ಮನಸ್ಸೂ ಬೇಡ. ಎರಡಕ್ಷರ ಅಂದರೆ ಸಾಕು, ಬಂಡಿ ನಿಲ್ಲುತ್ತದೆ, ಮಗ ಬರುತ್ತಾನೆ.

ಹಿಂದಿನಿಂದ ಖಾಲಿ ಬಂಡಿಯ ಸದ್ದು ಕೇಳಿತು. ಕುರುಮಯ್ಯ, ಮಾಲು ಇಳಿಸಿ ಮರಳಿ ಹೊರಟಿದ್ದ. ಎಲ್ಲಪ್ಪನ ಕಾಲು ನೋಯುತ್ತಿದ್ದವು. ನಿಲ್ಲಿಸಿ ಹತ್ತಿಕೊಂಡರಾಯಿತು ಎಂದು ಎಲ್ಲಪ್ಪ ತಿರುಗಿ ನಿಂತು ಬಾಯಿ ತೆರೆದ.

‘ಆಗು’ ಅಂದರೆ ನಿಲ್ಲು. ನಿಲ್ಲು ಅಂದರೆ ಹುಕುಂ. ಅದೂ ಇನ್ನೊಬ್ಬರಿಗೆ.

ಗಂಟಲು ಬಾಗಿಲು ಹಾಕಿಕೊಂಡಿತು. ‘ಆ’ ನಾಲಿಗೆಗೆ ಬರುವಷ್ಟರಲ್ಲಿ ಎತ್ತುಗಳು ಪಕ್ಕಕ್ಕೆ ಬಂದವು. ಗಾಬರಿಯಲ್ಲಿ ಕೈ ಎತ್ತಿದ.

“ರಾಮ್ ರಾಮ್ ದೊರಾ,” ಅಂದ ಕುರುಮಯ್ಯ, ತಾನೂ ಕೈ ಎತ್ತಿ. ಬಂಡಿ ಹೊರಟುಹೋಯಿತು.

ಎಲ್ಲಪ್ಪ ತೆರೆದ ಬಾಯಿ ಮುಚ್ಚಿಕೊಂಡ. ನಾಳೆ ಮುಂಜಾನೆ ನೆನಪಾಯಿತು. ಬಿಲ್ಲೆಯನ್ನು ಒಳಮುಖಕ್ಕೆ ತಿರುಗಿಸಿ, ಉಳಿದ ದಾರಿ ನಡೆಯಲು ಧೈರ್ಯ ಬೇಕೆಂದು, ರೂಢಿಯ ಮೇಲೆ, ತನಗೇ ಮೆಲ್ಲಗೆ ಹೇಳಿಕೊಂಡ: “ಗಟ್ಟಿ ಆಗು.”

ಕಾಲುಗಳು ಅಲ್ಲೇ ನಿಂತವು.