ನಮ್ಮವರು ಹುಡುಕಿದ ನೀಲಿ ಪ್ರಾಣಿಗಳು

ನಗಬಾರದ ಹೊತ್ತಲ್ಲೇ ನಗು ಬರೋದು ನಮ್ಮ ಮನೆಗೆ ಅಂಟಿಕೊಂಡ ಶನಿ ಅಂತ ಕಾಣುತ್ತೆ. ನಮ್ಮತ್ತೆ ತೀರಿಕೊಂಡ ದಿನವೂ ಹಾಗೇ ಆಯಿತು, ಅದು ಬೇರೆ ಕಥೆ, ಬಿಡಿ. ಈಗ ಹೇಳಹೊರಟಿರೋದು ನಮ್ಮವರ ಕಣ್ಣು ಹೋದ ಸಂಗತಿ. ಅವರು ಹನೂರಿನ ಹೈಸ್ಕೂಲಲ್ಲಿ ಡ್ರಾಯಿಂಗ್ ಮೇಷ್ಟ್ರು, ನಾನು ಅದೇ ಕಾಂಪೌಂಡಿನ ಪ್ರೈಮರಿ ಶಾಲೆಯಲ್ಲಿ ಟೀಚರು. ಬಾಯಿ ಜೋರು ಅಂತ ಊರಲ್ಲೆಲ್ಲ ನನಗೆ ಹೆಸರು. ಅಳುವಾಗಲೂ ಯಾರನ್ನಾದರೂ ಬೈದುಕೊಂಡೇ ಅಳೋಳು ನಾನು, ಸ್ವಲ್ಪ ಸಹಿಸಿಕೊಳ್ಳಿ.

ಸೀರೆ

ತೊಂಬತ್ತರ ದಶಕದ ಶುರುವಿನ ಮಾತು. ನನ್ನ ತಂಗಿ ಮನೆ ಗೃಹಪ್ರವೇಶಕ್ಕೆ ಅಂತ ನಮ್ಮವರು ಕೊಳ್ಳೇಗಾಲಕ್ಕೆ ಹೋಗಿ ರೇಷ್ಮೆ ಸೀರೆ ತಂದರು.

"ನೀಲಿ ನೀಲಿ ಅಂತ ಪ್ರಾಣ ತಿಂತಿದ್ದೆಯಲ್ಲ, ತಗೋ" ಅಂದರು.

ಬಿಚ್ಚಿ ನೋಡಿದರೆ ಹಸಿರು.

"ಇದು ಹಸಿರು ಕಣ್ರೀ."

"ಬಣ್ಣದ ಪಾಠ ನಂಗೇ ಹೇಳಿಕೊಡ್ತೀಯಾ? ಇಷ್ಟು ವರ್ಷದಿಂದ ಮಕ್ಕಳಿಗೆ ಏನು ಕಲಿಸ್ತಾ ಇದ್ದೀನಿ ನಾನು?"

ಮಾತಿಗೆ ಮಾತು ಬೆಳೆದು ಅಕ್ಕಪಕ್ಕದ ಮನೆಯವರೆಲ್ಲ ನಮ್ಮ ಬಾಗಿಲಿಗೆ ಬಂದರು. ಅವರೂ ಹಸಿರು ಅಂದರು. ನಮ್ಮವರಿಗೆ ಸಿಟ್ಟು ನೆತ್ತಿಗೇರಿತು. ನನ್ನನ್ನೂ ಸೀರೆಯನ್ನೂ ಬಸ್ಸಿಗೆ ಹತ್ತಿಸಿಕೊಂಡು ಅಂಗಡಿಗೇ ಹೋದರು. ಅಂಗಡಿಯವನ ಮುಂದೆ ಸೀರೆ ಹರಡಿ, "ಹೇಳಪ್ಪ, ಇದು ಯಾವ ಬಣ್ಣ?" ಅಂತ ಕೇಳಿದರು. ಅವನ ಮಗ ಇವರ ಶಿಷ್ಯ. ಅಂಗಡಿಯವನು ನಮ್ಮವರ ಮುಖ ನೋಡಿದ, ನನ್ನ ಮುಖ ನೋಡಿದ, ಮೇಷ್ಟ್ರಿಗೆ ಎದುರಾಡೋದು ಹೇಗೆ ಅಂತ ಒದ್ದಾಡಿದ.

"ನೀವು ಏಳಿದ್ ಮೇಲೆ ನೀಲಿನೇ ಸಾ" ಅಂದ. ಆಮೇಲೆ ನನ್ನ ಕಡೆ ಬಗ್ಗಿ ಮೆಲ್ಲಗೆ, "ಉಟ್ಕೊಂಬುಡಿ ಅಮ್ಮಾ, ನೋಡೋರು ನೋಡ್ಕಂತಾರೆ" ಅಂದ.

ಮೀನು ತಿನ್ನೋ ಅಳಿಯ

ಸೀರೆಯ ಗಲಾಟೆ ಆದಮೇಲೆ ನನಗೇ ಅನುಮಾನ ಬಂದು ಮೈಸೂರಿಗೆ ಕರೆದುಕೊಂಡು ಹೋದೆ. ಕಣ್ಣಿನ ಡಾಕ್ಟರು ನೋಡಿ, ಒಳಗಿನ ಒತ್ತಡಕ್ಕೆ ನರ ಒಣಗುತ್ತಾ ಇದೆ, ಹೋದದ್ದು ವಾಪಸ್ಸು ಬರೋದಿಲ್ಲ, ಇರೋದನ್ನು ಔಷಧಿ ಹಾಕಿ ಎಷ್ಟು ದಿನ ಉಳಿಸಿಕೊಳ್ಳೋಕಾಗುತ್ತೋ ಅಷ್ಟು ಅಂದರು. ಇವರಿಗೆ ಮೊದಲು ಮಂಕಾಗಿರೋದು ನೀಲಿ ಅಂದರು.

ವಾಪಸ್ಸು ಬರುವಾಗ ಬಸ್ಸು ಕೊಳ್ಳೇಗಾಲ ದಾಟಿದ ಮೇಲೆ ನಮ್ಮವರು, "ಕಣ್ಣು ಹೋದ್ರೆ ಹೋಗ್ಲಿ ಕಣೇ. ನೀಲಿ ಹೇಗಿತ್ತು ಅನ್ನೋದೇ ಮರೆತುಹೋದ್ರೆ?" ಅಂದರು. "ಮರೆಯಕ್ಕೆ ಅದೇನು ರೇಷನ್ ಕಾರ್ಡಾ?" ಅಂತ ಬೈದೆ.

ಅವತ್ತಿನಿಂದ ಒಂದು ಹಟ ಹಿಡಿದರು. ಪೂರ್ತಿ ಕತ್ತಲಾಗೋದರೊಳಗೆ ನೀಲಿ ಪ್ರಾಣಿಗಳನ್ನು ನೋಡಿ ಮನಸ್ಸಲ್ಲಿ ಇಟ್ಟುಕೊಳ್ಳಬೇಕು. ಪ್ರಾಣಿಯೇ ಯಾಕೆ, ಆಕಾಶ ಇಲ್ಲವಾ ಅಂದೆ. "ಆಕಾಶ ಗಳಿಗೆಗೊಂದು ಬಣ್ಣ. ಬಟ್ಟೆ ಮಾಸುತ್ತೆ. ಪ್ರಾಣಿ ಮೈಮೇಲಿರೋದು ಹುಟ್ಟಿದ ಬಣ್ಣ, ಮೋಸ ಮಾಡಲ್ಲ" ಅಂದರು.

ನನ್ನ ತವರು ಯಳಂದೂರು. ರಜೆಯಲ್ಲಿ ಅಲ್ಲಿಗೆ ಹೋದಾಗ ಇವರು ಬೆಳಗ್ಗೆ ಎದ್ದರೆ ಹೊಳೆ ದಂಡೆ. ಮೀನು ಹಿಡಿಯೋರ ಪಕ್ಕ ಕೂತು ಮಿಂಚುಳ್ಳಿ ಕಾಯೋರು. ಅದು ಬರೋದು, ನೀರಿಗೆ ಬೀಳೋದು, ಮೀನು ಕಚ್ಚಿಕೊಂಡು ಹೋಗೋದು. ಇವರಿಗೆ ಅದರ ಕಂದು ಹೊಟ್ಟೆ ಕಾಣಿಸೋದು, ಬೆನ್ನಿನ ನೀಲಿ ಮಾತ್ರ ಮಸಿ ಬಳಿದ ಹಾಗೆ ಮಂಕಾಗಿರೋದು. ಮುಖ ಸಪ್ಪೆ ಮಾಡಿಕೊಂಡು ಬಂದು ಉಣ್ಣೋರು.

ನಮ್ಮದು ಬೆಳ್ಳುಳ್ಳಿಯನ್ನೂ ಯೋಚನೆ ಮಾಡಿ ಹಾಕೋ ಮನೆ. ಅಳಿಯ ದಿನಾ ಮೀನು ಹಿಡಿಯೋರ ಜೊತೆ ಕೂತಿರುತ್ತಾನೆ ಅಂತ ಬೀದಿಯಲ್ಲೆಲ್ಲ ಸುದ್ದಿ. ಅವ್ವ ನನ್ನನ್ನು ಒಲೆ ಮುಂದೆ ಕರೆದು ಕೇಳಿದಳು.

"ನಿಜ ಏಳು. ಅಳಿಯಂದ್ರು ಮೀನು ತಿಂತಾರಾ?"

"ಇಲ್ಲ ಕಣವ್ವ. ಹಕ್ಕಿ ತಿನ್ನೋದನ್ನ ನೋಡ್ತಾರೆ ಅಷ್ಟೇ."

ಅವ್ವ ನಿಟ್ಟುಸಿರು ಬಿಟ್ಟಳು. "ನೋಡ್ತಾ ನೋಡ್ತಾನೇ ಕಣಮ್ಮ ಅದು ಸುರುವಾಗದು."

ಸೀಟಿ

ಆಗ ಕಾಡುಗಳ್ಳರನ್ನು ಹಿಡಿಯೋಕೆ ಅಂತ ರಾಮಾಪುರದ ಕಡೆ ಕಾಡಂಚಿನ ರಸ್ತೆಗಳಲ್ಲಿ ಪೊಲೀಸರ ತಪಾಸಣೆ ಬಲು ಬಿಗಿ. ಒಬ್ಬರ ಹತ್ತಿರ ಬೇಡಿಕೊಂಡು ತಂದ ಬೈನಾಕುಲರ್ ಕತ್ತಿಗೆ ಹಾಕಿಕೊಂಡು, ಮಟಮಟ ಮಧ್ಯಾಹ್ನ, ನಮ್ಮವರು ಅಲ್ಲಿ ರಸ್ತೆ ಪಕ್ಕ ನಿಂತು ಕಾಡಿನ ಕಡೆ ನೋಡುತ್ತಿದ್ದಾರೆ. ಪಕ್ಕದಲ್ಲಿ ನಾನು ಕೊಡೆ ಹಿಡಿದು ನಿಂತಿದ್ದೀನಿ. ಪೇದೆಯೊಬ್ಬ ಓಡಿ ಬಂದ.

"ಯಾರ್ನ ನೋಡ್ತಿದ್ದೀರಿ?"

"ನೀಲಕಂಠ" ಅಂದರು ನಮ್ಮವರು.

"ಅವನ್ಯಾರು? ಯಾವೂರವನು?"

ನಾನು ಮಧ್ಯೆ ಬಾಯಿ ಹಾಕಿ ಎಲ್ಲ ಬಿಡಿಸಿ ಹೇಳಿದೆ. ಅದು ಹಕ್ಕಿ, ಇವರ ಕಣ್ಣು ಹೋಗುತ್ತಾ ಇದೆ, ನೀಲಿ ನೋಡಬೇಕು ಅಂತ ಬಂದಿದ್ದಾರೆ ಅಂದೆ. ಪೇದೆಯ ತಂದೆಗೂ ಕಣ್ಣು ಕಾಣಿಸುತ್ತಿರಲಿಲ್ಲವಂತೆ. ಟೋಪಿ ತೆಗೆದು ತಲೆ ಕೆರೆದುಕೊಂಡು, ಎದುರಿನ ಕರೆಂಟು ತಂತಿ ತೋರಿಸಿದ. "ಅಲ್ಲಿ ಕೂತದೆ ನೋಡಿ. ಆದ್ರೆ ಅದು ಮಣ್ಣು ಬಣ್ಣ ಅಲ್ವಾ ಸಾ?"

"ಕೂತಾಗ ಹಾಗೇ. ಹಾರಿದ್ರೆ ರೆಕ್ಕೆಯಲ್ಲಿ ನೀಲಿ ಕಾಣುತ್ತೆ" ಅಂದರು ಇವರು.

ಪೇದೆ ಚಪ್ಪಾಳೆ ತಟ್ಟಿದ. ಹಕ್ಕಿ ಕದಲಲಿಲ್ಲ. ಏಯ್ ಅಂತ ಗದರಿಸಿದ, ಅದಕ್ಕೂ ಕ್ಯಾರೇ ಅನ್ನಲಿಲ್ಲ. ಕೊನೆಗೆ ಜೇಬಿಂದ ಸೀಟಿ ತೆಗೆದು ಉಸಿರು ಕಟ್ಟಿ ಊದಿದ. ಹಕ್ಕಿ ಎದ್ದಿತು. ಬಿಸಿಲಿಗೆ ರೆಕ್ಕೆ ಪೂರ್ತಿ ಬಿಚ್ಚಿ ನಮ್ಮ ತಲೆ ಮೇಲೇ ಹಾರಿಹೋಯಿತು. ನಮ್ಮವರು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು, "ಕಂಡ್ತು ಕಣೇ. ಕಂಡ್ತು" ಅಂದರು. ಅವರು ಕಣ್ಣಾರೆ ನೋಡಿದ ಕೊನೆಯ ನೀಲಿ ಅದೇ. ಆಗ ನಮಗೆ ಗೊತ್ತಿರಲಿಲ್ಲ.

ಕಣ್ಣೊರೆಸಿಕೊಂಡು ತಿರುಗಿ ನೋಡುತ್ತೀನಿ, ಸೀಟಿ ಕೇಳಿ ಹನೂರಿನ ಬಸ್ಸು ಗಕ್ಕನೆ ನಿಂತುಬಿಟ್ಟಿದೆ. ಯಾರೂ ಹೇಳದೆಯೇ ಜನವೆಲ್ಲ ಕೆಳಗಿಳಿದು, ಚೀಲ ಬಿಚ್ಚಿ ಇಟ್ಟುಕೊಂಡು ಸಾಲಾಗಿ ನಿಂತಿದ್ದಾರೆ. ಪೇದೆ ಅವರ ಕಡೆ ತಿರುಗಿಯೂ ನೋಡಲಿಲ್ಲ. "ಇನ್ನೊಂದ್ ಸಲ ಆರಿಸ್ಲಾ ಸಾ?" ಅಂತ ಕೇಳುತ್ತಿದ್ದ.

ಹುರುಳಿ ಹೊಲ

ಹೂಗ್ಯಂನಲ್ಲಿ ನಮ್ಮವರ ಹಳೇ ಶಿಷ್ಯನೊಬ್ಬ ಬೇಸಾಯ ಮಾಡಿಕೊಂಡಿದ್ದ. ನವಿಲುಗಳ ಕಾಟಕ್ಕೆ ದಿನವಿಡೀ ಹೊಲದಲ್ಲಿ ತಗಡು ಬಡಿಯೋದೇ ಅವನ ಕೆಲಸ. ಮೇಷ್ಟ್ರು ನವಿಲು ನೋಡಬೇಕು ಅಂದಾಗ ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ನೋಡಾದೇನು ಸಾ, ಅಷ್ಟನ್ನೂವೆ ತಕಂಡೇ ಓಗಿ" ಅಂದ.

ಆದರೂ ಗುರುಗಳ ಮಾತು. ಅವತ್ತು ತಗಡು ಕೆಳಗಿಟ್ಟು, ಹೆಂಡತಿಯನ್ನೂ ಕರೆದುಕೊಂಡು ಬೇಲಿ ಮರೆಯಲ್ಲಿ ನಮ್ಮ ಜೊತೆ ಕೂತ. ನವಿಲುಗಳು ಬಂದವು. ನೆಂಟರ ಮನೆ ಊಟಕ್ಕೆ ಬಂದ ಹಾಗೆ ಆರಾಮಾಗಿ ಹುರುಳಿ ತಿಂದವು. ಕತ್ತು ಬಿಸಿಲಿಗೆ ಥಳಥಳ ಅಂತಿತ್ತು. ಅವನ ಹೆಂಡತಿ ಸೆರಗು ಬಾಯಿಗೆ ತುರುಕಿಕೊಂಡು, ಕೂಗಿ ಓಡಿಸದ ಹಾಗೆ ತಡೆದುಕೊಂಡಳು. ನಮ್ಮವರು ಕಣ್ಣು ಕಿರಿದು ಮಾಡಿಕೊಂಡು ಬಹಳ ಹೊತ್ತು ನೋಡಿದರು.

"ಕಂಡ್ತಾ ಸಾ?" ಅಂತ ಪಿಸುಗುಟ್ಟಿದ ಶಿಷ್ಯ.

"ಕಪ್ಪು ಕೋಳಿ ಕಾಣಿಸ್ತಾ ಇವೆ. ನವಿಲು ಯಾವಾಗ ಬರುತ್ತೆ?"

ಶಿಷ್ಯನ ಕಣ್ಣಲ್ಲಿ ನೀರು ಬಂತು. ಅದು ಮೇಷ್ಟ್ರಿಗೋ ಹುರುಳಿಗೋ ನನಗೆ ಇವತ್ತಿಗೂ ಗೊತ್ತಿಲ್ಲ.

ಪ್ರೇಯರ್‌ನಲ್ಲಿ ನೀಲಿ ಕಾಲು

ವರ್ಷ ಕಳೆದಂತೆ ಬೋರ್ಡಿನ ಮೇಲೆ ಗೆರೆ ಎಳೆಯೋಕೂ ಆಗದೆ ಹೋಯಿತು. ಆದರೂ ಪಾಠ ಬಿಡಲಿಲ್ಲ. ಸೀಮೆಸುಣ್ಣ ಪಕ್ಕಕ್ಕಿಟ್ಟು, ಲೋಕದಲ್ಲಿ ಎಲ್ಲೆಲ್ಲಿ ಯಾವ ನೀಲಿ ಪ್ರಾಣಿ ಇದೆ ಅಂತ ಮಕ್ಕಳಿಗೆ ಬಾಯಲ್ಲೇ ಚಿತ್ರ ಬಿಡಿಸೋರು. ದಕ್ಷಿಣ ಅಮೆರಿಕದ ಕಾಡಲ್ಲಿ ಹೆಬ್ಬೆರಳಷ್ಟು ಕಪ್ಪೆ, ಮೈಯೆಲ್ಲ ನೀಲಿ, ಚರ್ಮದಲ್ಲೇ ವಿಷ. ಸಮುದ್ರದಲ್ಲಿ ಒಂದು ಆಕ್ಟೋಪಸ್ಸು, ಕೆಣಕಿದರೆ ಮೈಮೇಲೆ ನೀಲಿ ಉಂಗುರ ಎದ್ದು ನಿಲ್ಲುತ್ತವೆ. ಒಂದು ಚಿಟ್ಟೆ ಇದೆ, ಅದರ ರೆಕ್ಕೆಯಲ್ಲಿ ನೀಲಿ ಬಣ್ಣವೇ ಇಲ್ಲ, ನವಿಲಿನ ಹಾಗೆ ಎಲ್ಲ ಬೆಳಕಿನ ಆಟ. "ಇಲ್ಲದೇ ಇರೋದೇ ಅಷ್ಟು ಚಂದ ಕಾಣಿಸುತ್ತೆ ಮಕ್ಕಳೇ" ಅನ್ನೋರು. ಕಿಟಕಿಯಾಚೆ ನಿಂತು ಕೇಳಿಸಿಕೊಂಡು ನಾನು ನನ್ನ ಕ್ಲಾಸಿಗೆ ಹೋಗಿ ಸುಮ್ಮಸುಮ್ಮನೆ ಮಕ್ಕಳನ್ನು ಗದರಿಸುತ್ತಿದ್ದೆ.

ಸಂಜೆ ಮನೆಗೆ ಬಂದರೆ ದಿನಾ ಒಂದೇ ಪ್ರಶ್ನೆ. "ಇವತ್ತು ಯಾವುದಾದ್ರೂ ನೀಲಿ ಪ್ರಾಣಿ ಕಂಡ್ತಾ?" ಇಲ್ಲ ಅಂದರೆ, "ಸರಿ, ನಾಳೆ ನೋಡು" ಅನ್ನೋರು.

ಒಂದು ದಿನ ಕ್ಲಾಸಲ್ಲಿ ನೀಲಿ ಕಾಲಿನ ಹಕ್ಕಿ ಕಥೆ ಹೇಳಿದರು. ದೂರದ ದ್ವೀಪಗಳಲ್ಲಿ ಇರೋ ಹಕ್ಕಿಯಂತೆ, ಗಂಡು ಒಂದೊಂದೇ ಪಾದ ಎತ್ತಿ ತೋರಿಸಿ ಕುಣಿಯುತ್ತದಂತೆ, ಯಾರ ಪಾದ ಹೆಚ್ಚು ನೀಲಿಯೋ ಅವನನ್ನೇ ಹೆಣ್ಣು ಮೆಚ್ಚೋದಂತೆ. ಮಾರನೇ ದಿನ ಪ್ರೇಯರ್‌ಗೆ ಎಂಟನೇ ಕ್ಲಾಸಿನ ಹುಡುಗರೆಲ್ಲ ಪಾದಕ್ಕೆ ಇಂಕು ಬಳಿದುಕೊಂಡು ಬಂದು, ಒಂದೊಂದೇ ಕಾಲು ಎತ್ತಿಕೊಂಡು ನಿಂತರು. ಹೆಡ್‌ಮಾಸ್ಟರು ಕೆಂಡವಾದರು.

"ಏನ್ರೀ ಮೇಷ್ಟ್ರೇ ಇದು? ಇವರ ಕಾಲು ನೋಡಿ!"

ನಮ್ಮವರು ಪಾಪ ಎತ್ತಲೋ ನೋಡಿಕೊಂಡು, "ಯಾವ ಬಣ್ಣ ಸಾರ್?" ಅಂದರು.

"ನೀಲಿ!"

"ನಿಮಗೆ ಕಾಣಿಸ್ತಾ? ಪುಣ್ಯವಂತರು ಸಾರ್ ನೀವು" ಅಂದರು.

ಸಂಕ್ರಾಂತಿ

ಕೊನೆಗೆ ಎರಡೂ ಕಣ್ಣು ಪೂರ್ತಿ ಹೋದವು. ಕೆಲಸವನ್ನೂ ಬಿಟ್ಟರು. ಹೋದದ್ದಕ್ಕಿಂತ ಹೆಚ್ಚಾಗಿ ಹಳೇ ಭಯವೇ ಅವರನ್ನು ಕಾಡುತ್ತಿತ್ತು. "ನೀಲಕಂಠನ ರೆಕ್ಕೆ ನೆನೆಸಿಕೊಂಡ್ರೆ ಈಗ ಬೂದಿ ಬಣ್ಣ ಬರುತ್ತೆ ಕಣೇ. ಜಾರಿಹೋಗ್ತಾ ಇದೆ" ಅಂದರು ಒಂದು ದಿನ. ಅವತ್ತು ನನಗೆ ಬೈಯೋಕೆ ಯಾರೂ ಸಿಗಲಿಲ್ಲ, ದೇವರನ್ನೇ ಬೈದೆ.

ಆ ಸಂಕ್ರಾಂತಿಗೆ ಹೂಗ್ಯಂನ ಶಿಷ್ಯ ಬಂದು ಇಬ್ಬರನ್ನೂ ಹಬ್ಬಕ್ಕೆ ಕರೆದುಕೊಂಡು ಹೋದ. ಹಬ್ಬದ ದಿನ ನಮ್ಮ ಕಡೆ ದನಗಳ ಮೈ ತೊಳೆದು ಅರಿಶಿನ ಬಳಿಯುತ್ತಾರೆ, ಕೊಂಬಿಗೆ ಬಣ್ಣ ಹಾಕುತ್ತಾರೆ. ಇವನು ಏನು ಮಾಡಿದ ಅಂತೀರಿ, ಅರಿಶಿನ ಪಕ್ಕಕ್ಕಿಟ್ಟು, ಬಟ್ಟೆಗೆ ಹಾಕೋ ನೀಲಿ ಕಲಸಿ, ಬಿಳೀ ಕರುವಿನ ಮೈಗೆಲ್ಲ ಬಳಿದುಬಿಟ್ಟ.

"ಮಿಂಚುಳ್ಳಿ ತರಕ್ಕೆ ನನ್ ಕೈಲಾಗಲ್ಲ ಸಾ. ಕರ ನಮ್ದೇ. ಮುಟ್ಟಿ ನೋಡಿ" ಅಂತ ಜಗಲಿ ಹತ್ತಿರ ತಂದು ಕಟ್ಟಿದ.

ನಾನು ಅವನ ಹೆಂಡತಿ ಜೊತೆ ಎಳ್ಳು ಬೀರೋಕೆ ಮನೆಮನೆಗೆ ಹೊರಟೆ. ಇತ್ತ ನಮ್ಮವರು ಕರುವಿನ ಕತ್ತು ತಬ್ಬಿಕೊಂಡು, ಕೆನ್ನೆಗೆ ಕೆನ್ನೆ ಕೊಟ್ಟು, ಬಹಳ ಹೊತ್ತು ಕೂತರಂತೆ. ಬಣ್ಣ ಇನ್ನೂ ಹಸಿ. ಕಣ್ಣಲ್ಲಿ ನೀರು ಬಂದಾಗ ಅದೇ ಕೈಯಲ್ಲಿ ಮುಖ ಒರೆಸಿಕೊಂಡಿದ್ದಾರೆ. ಹಣೆ, ಮೂಗು, ನೆರೆತ ಕೂದಲು ಎಲ್ಲಾ ನೀಲಿ.

ಎಳ್ಳು ತಂದ ಹೆಂಗಸರು ನೋಡಿದರು. ನೀಲಿ ಮುಖದ ಮುದುಕರು, ಪಕ್ಕದಲ್ಲಿ ನೀಲಿ ಕರು. ಯಾವುದೋ ದೊಡ್ಡ ಹರಕೆ ಇರಬೇಕು ಅಂದುಕೊಂಡು ಕಾಲಿಗೆ ಬಿದ್ದರು. ಒಬ್ಬರು ತೆಂಗಿನಕಾಯಿ ಇಟ್ಟರು, ಇನ್ನೊಬ್ಬರು ಊದುಬತ್ತಿ ಹಚ್ಚಿದರು. ಒಬ್ಬಳು ಅಜ್ಜಿ ಮುಂದೆ ಬಂದು, "ನನ್ ಎಮ್ಮೆ ಕಳ್ದೋಗದೆ ಸಾಮಿ, ಎತ್ತಗೆ ಉಡುಕ್ಲಿ?" ಅಂತ ಕೇಳಿದಳು.

"ನಂಗೆ ಕಣ್ಣೇ ಕಾಣಿಸಲ್ಲ ಕಣವ್ವ" ಅಂದರಂತೆ ಇವರು. "ಎಮ್ಮೆ ಇನ್ನೆಲ್ಲಿಗೆ ಹೋಗುತ್ತೆ, ನೀರಿರೋ ಕಡೆ ನೋಡು."

ಎಮ್ಮೆ ಕಟ್ಟೆ ನೀರಲ್ಲಿ ಹಾಯಾಗಿ ಮಲಗಿತ್ತು. ನಾನು ವಾಪಸ್ಸು ಬರೋ ಹೊತ್ತಿಗೆ ಅರ್ಧ ಊರು ಜಗಲಿ ಮುಂದೆ ಕೈಮುಗಿದು ಕೂತಿದೆ. ಶಿಷ್ಯ ನನ್ನ ಹತ್ತಿರ ಓಡಿ ಬಂದು, "ಅಲ್ಲ ಅಂತ ಏಳಕ್ಕೆ ಓದೆ ಟೀಚರಮ್ಮ, ನನ್ಗೇ ಬಯ್ದ್ಬುಟ್ರು" ಅಂದ.

ನನ್ನ ಬಳೆ ಸದ್ದು ಕೇಳಿ ನಮ್ಮವರು ಆ ಕಡೆ ಮುಖ ತಿರುಗಿಸಿ, ಎಂದಿನಂತೆ ಕೇಳಿದರು. "ಬಂದ್ಯಾ? ಇವತ್ತು ಯಾವುದಾದ್ರೂ ನೀಲಿ ಪ್ರಾಣಿ ಕಂಡ್ತಾ?"

"ಕಂಡ್ತು. ಒಂದನ್ನ ಕಂಬಕ್ಕೆ ಕಟ್ಟವ್ರೆ. ಇನ್ನೊಂದು ಜಗಲಿ ಮೇಲೆ ಕೂತು ಎಮ್ಮೆ ಹುಡುಕಿಕೊಡ್ತಾ ಇದೆ."

ಅವರು ಕೆನ್ನೆ ಮುಟ್ಟಿಕೊಂಡರು. ಅರ್ಥವಾಯಿತು. ಎಷ್ಟೋ ತಿಂಗಳ ಮೇಲೆ ಅವತ್ತು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ಮೆತ್ತಗೆ, "ಯಾವ ನೀಲಿ?" ಅಂದರು.

"ಬಟ್ಟೆ ನೀಲಿ ಕಣ್ರೀ."

"ನಮ್ಮವ್ವ ಬಿಳೀ ಸೀರೆ ನೀಲಿಗೆ ಅದ್ದಿ ಹಿಂಡಿ ಹರಡೋಳು. ಒಣಗೋಕೆ ಮುಂಚೆ ಮಡಿಕೆ ಒಳಗೆ ತಣ್ಣಗೆ ನಿಂತಿರೋದಲ್ಲ, ಅದೇ ತಾನೇ?"

"ಅದೇ."

"ಹಾಗಾದ್ರೆ ಮರೆತಿಲ್ಲ ಕಣೇ. ಕಾಣಿಸ್ತಾ ಇದೆ" ಅಂದರು. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಮುಖ ತೊಳೆಯೋಕೆ ನೀರು ತಂದರೆ, ಇವತ್ತೊಂದು ದಿನ ಇರಲಿ ಬಿಡು ಅಂದರು. ಅವತ್ತು ಅವರು ತಲೆ ಇಟ್ಟು ಮಲಗಿದ ದಿಂಬಿನ ಚೀಲವನ್ನು ಶಿಷ್ಯನ ಹೆಂಡತಿಯಿಂದ ಕೇಳಿ ಇಸಕೊಂಡು ಬಂದೆ. ಈಗಲೂ ಒಗೆದಿಲ್ಲ.

ಎರಡು ವರ್ಷಕ್ಕೆ ನಮ್ಮವರು ಹೋದರು. ಶಿವಗಣಾರಾಧನೆ ದಿನ ಹೂಗ್ಯಂನ ಆ ಅಜ್ಜಿ ಬಸ್ಸು ಹತ್ತಿಕೊಂಡು ಬಂದಿದ್ದಳು. ಅವರ ಫೋಟೋ ಮುಂದೆ ಕೂತು ಎದೆ ಬಡಿದುಕೊಂಡು ಅತ್ತಳು. ನೋಡಿದೋರಿಗೆ ಕರುಳು ಕಿತ್ತು ಬರೋ ಹಾಗಿತ್ತು. ನಾನೂ ಅವಳನ್ನು ತಬ್ಬಿಕೊಂಡು ಗೋಳೋ ಅಂತ ಅಳುತ್ತಿದ್ದೆ. ಆಗ ಅವಳು ಸೆರಗಲ್ಲಿ ಮೂಗು ಒರೆಸಿಕೊಂಡು ನನ್ನ ಕಿವಿ ಹತ್ತಿರ ಬಂದು, "ಎಮ್ಮೆ ತಿರ್ಗಾ ಕಳ್ದೋಗದೆ ಕಣವ್ವ. ಇನ್ ಯಾರ್ನ ಕೇಳನೆ ನಾನು?" ಅಂದಳು.

ಬಂದ ನೆಂಟರೆಲ್ಲ ನೋಡುತ್ತಿದ್ದ ಹಾಗೇ ನಾನು ನಕ್ಕುಬಿಟ್ಟೆ. ನಗುತ್ತಾ ಅಳುತ್ತಾ ಅವರ ಫೋಟೋ ಕಡೆ ನೋಡಿಕೊಂಡು, "ನೀರಿರೋ ಕಡೆ ನೋಡವ್ವ" ಅಂದೆ.

ಅಲ್ಲೇ ಇತ್ತಂತೆ.