ಹಿಂದಕ್ಕೆ ಹೋಗದ ಕಾರು

ಎಲ್ಲಾ ಶುರುವಾದದ್ದು ಶಾರದಾಬಾಯಿಯವರ ಒಂದು ಮಾತಿನಿಂದ.

ಭಾನುವಾರ ಬೆಳಿಗ್ಗೆ ಕುಕಟ್‌ಪಲ್ಲಿಯ ಅಪಾರ್ಟ್‌ಮೆಂಟಿನ ಗೇಟಿನ ಮುಂದೆ ಗುರುಬಸವನ ಹೊಸ ಕಾರು ಹಾರ ಹಾಕಿಕೊಂಡು ಮದುಮಗನ ಹಾಗೆ ನಿಂತಿತ್ತು. ಕೆಂಪು ಬಣ್ಣ, ಅಗಲ ಚಕ್ರ, ನೆಲ ಮೂಸುವಂಥ ಮೂತಿ, ಹಿಂಬದಿಗೆ ರೆಕ್ಕೆಯಂಥ ಒಂದು ಸ್ಪಾಯ್ಲರ್. ಅದರ ಮೇಲೆ ಶಾರದಾಬಾಯಿ ಆಗಲೇ ತೆಂಗಿನಕಾಯಿ ಬುಟ್ಟಿ ಇಟ್ಟಿದ್ದರು. ಇಷ್ಟು ದುಡ್ಡು ತಗೊಂಡವರು ಸಾಮಾನಿಡಲು ಒಂದು ಕಟ್ಟೆ ಕೊಟ್ಟದ್ದು ಒಳ್ಳೆಯದೇ ಆಯಿತು ಎಂದು ಅವರ ಅಭಿಪ್ರಾಯ.

ಗುರುಬಸವ ಮಾದಾಪುರದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಮಾಡುವವನು. ಆಗ ಆ ಕಂಪನಿಗಳಲ್ಲಿ ಮಳೆಗಾಲದ ಅಣಬೆಯಂತೆ ತಿಂಗಳಿಗೊಬ್ಬರು ಕಾರು ತರುತ್ತಿದ್ದರು. ಪೇಡೆ ಹಂಚಿ, ಪಿಕಪ್ಪಿನ ವರ್ಣನೆ ಮಾಡಿ, ಕೊನೆಗೆ "ಐದನೇ ಗೇರಿಗೆ ಬಿದ್ದ ಮೇಲೆ ಗಾಡಿ ಹಾಡುತ್ತೆ" ಎನ್ನುತ್ತಿದ್ದರು. ಗುರುಬಸವ ಅವರಿವರ ಪೇಡೆ ತಿಂದು ಈ ಮಾತು ಕೇಳಿಯೇ ದಿನ ಕಳೆದಿದ್ದ. ಊರೊಳಗಿನ ಟ್ರಾಫಿಕ್ಕಿನಲ್ಲಿ ಮೂರನೇ ಗೇರು ಬಿದ್ದರೆ ಅದೇ ಪುಣ್ಯ. ಆದರೆ ಗಚ್ಚಿಬೌಲಿಯಾಚೆ ಹೊಸದಾಗಿ ಹೊರವರ್ತುಲ ರಸ್ತೆ ತೆರೆದಿತ್ತು. ಆ ಭಾನುವಾರ ಅಲ್ಲಿಗೆ ಹೋಗಿ ಸ್ವಂತ ಕೈಯಿಂದ ಐದನೇ ಗೇರು ಹಾಕಲೇಬೇಕೆಂದು ಅವನು ಹಟ ತೊಟ್ಟಿದ್ದ.

ಅಷ್ಟರಲ್ಲಿ ನೆಲಮಹಡಿಯ ಶಾರದಾಬಾಯಿ ಬಾಯಿ ಬಿಟ್ಟರು. ಕಲಬುರಗಿ ಕಡೆಯವರು, ಕಟ್ಟಡದ ಕನ್ನಡದವರಿಗೆಲ್ಲ ಹಿರಿಯರು.

"ಗುರು, ಒಂದು ಮಾತು ನೆನಪಿಡು. ಹೊಸಾ ಎತ್ತು ತಂದ ದಿನ ಅದನ್ನ ಹಿಂದಕ್ಕ ಹೆಜ್ಜಿ ಹಾಕಸಬಾರದು. ಮನೀಗೆ ಬಂದ ಲಕ್ಷ್ಮೀನೂ ಹಂಗೇ ಹಿಂದಕ್ಕ ಹೋಗತಾಳ. ಗಾಡಿಗೂ ಅದೇ ರೂಢಿ. ಸಂಜೀಕ ನಾ ದೀಪ ಹಚ್ಚೂ ತನಕ ಮುಂದಕ್ಕ ಹೊಡಿ, ಹಿಂದಕ್ಕ ಮಾತ್ರ ಬ್ಯಾಡ."

ಬೇರೆ ಯಾವ ಇಂಜಿನಿಯರನಾದರೂ ನಕ್ಕುಬಿಡುತ್ತಿದ್ದ. ಗುರುಬಸವ ಕೈ ಮುಗಿದ. "ಆಗಲಿ ಕಾಕು. ಹಿರಿಯರ ಮಾತು ಮೀರಬಾರದು."

ವಾದಕ್ಕೆ ಸೊಂಟ ಕಟ್ಟಿ ಬಂದಿದ್ದ ಶಾರದಾಬಾಯಿಗೆ ತುಸು ನಿರಾಸೆಯೇ ಆಯಿತು. ಅವನ ಭಕ್ತಿಯ ಮೂಲ ಅವರಿಗೇನು ಗೊತ್ತು? ಗುರುಬಸವನಿಗೆ ರಿವರ್ಸ್ ಬರುತ್ತಿರಲಿಲ್ಲ. ಡ್ರೈವಿಂಗ್ ಸ್ಕೂಲಿನಲ್ಲಿ ಉಳಿದದ್ದೆಲ್ಲ ಕಲಿತಿದ್ದ. ಆದರೆ ಗಾಡಿ ಹಿಂದೆ ಹೊರಟೊಡನೆ ಎಡ ಯಾವುದು ಬಲ ಯಾವುದು ಎನ್ನುವುದೇ ಮರೆತು, ಕೈ ತನಗೆ ತೋಚಿದ ಕಡೆ ಸ್ಟಿಯರಿಂಗ್ ತಿರುಗಿಸುತ್ತಿತ್ತು. ಕಲಿಸಿ ಕಲಿಸಿ ಸುಸ್ತಾದ ಮಾಸ್ತರು ಕೊನೆಗೆ, "ಮನುಷ್ಯ ಮುಂದೆ ನೋಡಬೇಕು ಸಾರ್" ಎಂದು ತತ್ವ ಹೇಳಿ ಕಳಿಸಿಕೊಟ್ಟಿದ್ದರು. ಈ ಗುಟ್ಟನ್ನು ಅವನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ, ಹೆಂಡತಿ ಸುಮಂಗಲಾಳಿಗಂತೂ ಇಲ್ಲವೇ ಇಲ್ಲ. ಈಗ ದೇವರೇ ಶಾರದಾಬಾಯಿಯ ಬಾಯಲ್ಲಿ ಬಂದು ಕಾಪಾಡಿದಂತಾಯಿತು.

ಮೊದಲ ಸವಾರಿ ಬಲ್ಕಂಪೇಟೆಯ ಯಲ್ಲಮ್ಮನ ಗುಡಿಗೆ ಎಂದು ಶಾರದಾಬಾಯಿಯೇ ನಿರ್ಧರಿಸಿದರು. ಅವರೂ ಸುಮಂಗಲಾಳೂ ಹಿಂದೆ ಕೂತರು. ಬಾಲಾನಗರದ ಕಾರ್ಖಾನೆಯಿಂದ ನಿವೃತ್ತರಾದ ಶಾರದಾಬಾಯಿಯ ಯಜಮಾನರು ಕಲ್ಯಾಣಪ್ಪ ಮುಂದಿನ ಸೀಟಿಗೆ ಇಳಿದರು. ಹತ್ತಿದರು ಎನ್ನುವಂತಿಲ್ಲ, ಸೀಟು ಅಷ್ಟು ಕೆಳಗಿತ್ತು.

"ಇಷ್ಟು ಖರ್ಚು ಮಾಡಿ ನೆಲದ ಮ್ಯಾಲೆ ಕೂಡೂದು ಯಾಕ ತಮ್ಮಾ?"

"ಸ್ಪೋರ್ಟಿ ಮಾಡೆಲ್ ಕಾಕಾ. ಹಿಂಗಿದ್ರೇ ರೋಡ್ ಹಿಡೀತೈತಿ."

ನಿಜವಾಗಿಯೂ ಹಿಡಿಯಿತು. ರಸ್ತೆಯ ಒಂದೊಂದು ಗುಂಡಿಯನ್ನೂ ಕಲ್ಯಾಣಪ್ಪನವರ ಬೆನ್ನುಮೂಳೆಗೆ ಪರಿಚಯ ಮಾಡಿಸಿತು. ಆದರೂ ಗುರುಬಸವನಿಗೆ ಹಿಗ್ಗೋ ಹಿಗ್ಗು. ಆಕ್ಸಿಲರೇಟರ್ ಮೇಲೆ ಕಾಲಿಟ್ಟರೆ ಗಾಡಿ ಹಸಿದ ಕರುವಿನಂತೆ ಮುನ್ನುಗ್ಗುತ್ತಿತ್ತು. ಗುಡಿಯಲ್ಲಿ ಪೂಜೆಯೂ ಸಾಂಗವಾಗಿ ಮುಗಿಯಿತು. ಇನ್ನು ಗಚ್ಚಿಬೌಲಿಯೇ ಸೈ ಎಂದು ಅವನು ಹೊರಟ.

"ಹಂಗ ಸುತ್ತಿ ಯಾಕ ಹೋಗತಿ?" ಎಂದರು ಕಲ್ಯಾಣಪ್ಪ. "ಅಮೀರ್‌ಪೇಟ್ ಒಳಗಿಂದ ಶಾರ್ಟ್‌ಕಟ್ ಐತಿ. ಈ ಊರಿನ ಗಲ್ಲಿ ಗಲ್ಲಿ ನನಗ ಗೊತ್ತು. ಇಲ್ಲಿ ಎಡಕ್ಕ ತಗೋ. ಮತ್ತ ಎಡಕ್ಕ."

ಎಡಕ್ಕೆ ಹೊರಳಿದಂತೆಲ್ಲ ಗಲ್ಲಿ ಸಣ್ಣದಾಗುತ್ತ ಹೋಯಿತು. ಎರಡೂ ಕಡೆ ಜಾವಾ, ಒರಾಕಲ್ ಕಲಿಸುವ ಬೋರ್ಡುಗಳು, ಅವುಗಳ ಮೇಲೆ ಹಾಸ್ಟೆಲು, ಹಾಸ್ಟೆಲಿನ ಕಿಟಕಿಗಳಲ್ಲಿ ಒಣಗುವ ಬನಿಯನ್ನುಗಳು. ಕೊನೆಗೊಂದು ಮಿರ್ಚಿ ಬಜ್ಜಿ ಬಂಡಿ. ಅದರಾಚೆ ಗೋಡೆ.

"ಇಲ್ಲಿ ದಾರಿ ಇತ್ತಲ್ಲೋ" ಎಂದರು ಕಲ್ಯಾಣಪ್ಪ.

"ಯಾವಾಗ ಇತ್ರಿ ಕಾಕಾ?"

"ನಮ್ಮ ಲಗ್ನ ಆದ ವರ್ಷ."

ಗುರುಬಸವ ಎರಡೂ ಬದಿ ಇಣುಕಿ ನೋಡಿದ. ಗಾಡಿ ತಿರುಗಿಸುವಷ್ಟು ಅಗಲ ಇಲ್ಲ. ಹಿಂದೆ ಬಂದಿದ್ದ ಆಟೋದವನು ಗೋಡೆ ನೋಡಿದ್ದೇ ತಡ, ಬೀಡಿ ಕಚ್ಚಿಕೊಂಡೇ ಸರ್ರನೆ ಹಿಂದಕ್ಕೆ ಹೋಗಿಬಿಟ್ಟ.

"ಅವನಂಗ ರಿವರ್ಸ್ ತೆಗಿ" ಎಂದರು ಕಲ್ಯಾಣಪ್ಪ.

"ಇನ್ನೂ ದೀಪ ಹಚ್ಚಿಲ್ರಿ ಕಾಕಾ."

"ಇಂಥಾ ಹೊತ್ತಿನಾಗ ದೇವರು ಮಾಫ್ ಮಾಡತಾನ, ತೆಗಿ."

"ರೂಢಿ ಅಂದ್ರ ರೂಢಿ. ಕಾಕು ಮಾತು ನಾ ಮೀರಂಗಿಲ್ಲ."

ಶಾರದಾಬಾಯಿ ಸುಮಂಗಲಾಳ ಮುಖ ನೋಡಿದರು. ಸುಮಂಗಲಾ ಮುಂದಕ್ಕೆ ಬಾಗಿದಳು. "ರೀ, ನಾ ಒಂದು ಮಾತು ಹೇಳಲೇನ್ರಿ?"

"ನೀ ಸುಮ್ಕಿರು. ಇದು ನಂಬಿಕಿ ವಿಷಯ" ಎಂದು ಗಂಡ ಅವಳ ಬಾಯಿ ಮುಚ್ಚಿಸಿದ.

ಅಷ್ಟರಲ್ಲಿ ಹಾಸ್ಟೆಲಿನ ಹುಡುಗರು ಒಬ್ಬೊಬ್ಬರಾಗಿ ಇಳಿದು ಬಂದು ಕಾರಿನ ಸುತ್ತ ನೆರೆದರು. "ಏಮೈಂದನ್ನಾ?" ಎಂದು ತೆಲುಗಿನಲ್ಲಿ ಏನಾಯಿತಣ್ಣಾ ಎಂದು ಕೇಳಿದರು. ಗುರುಬಸವ ಅರೆ ತೆಲುಗು, ಅರೆ ಹಿಂದಿಯಲ್ಲಿ ಎತ್ತಿನ ಕತೆಯಿಂದ ಹಿಡಿದು ಲಕ್ಷ್ಮಿಯವರೆಗೆ ವಿವರಿಸಿದ. ಹುಡುಗರು ಒಬ್ಬರೂ ನಗಲಿಲ್ಲ. "ಓ, ಸೆಂಟಿಮೆಂಟಾ ಅನ್ನಾ" ಎಂದು ತಲೆಯಾಡಿಸಿದರು. ಪರೀಕ್ಷೆಗೆ ಒಂದೇ ಅಂಗಿ, ಇಂಟರ್‌ವ್ಯೂಗೆ ಒಂದೇ ಪೆನ್ನು ಇಟ್ಟುಕೊಂಡವರಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಚಕ್ರ ಹಿಂದಕ್ಕೆ ಉರುಳಬಾರದು ತಾನೇ, ಹಿಂಬದಿ ಎತ್ತಿ ಪಕ್ಕಕ್ಕೆ ಸರಿಸುತ್ತ ಮುಖ ತಿರುಗಿಸಿದರಾಯಿತು ಎಂದು ಅವರೇ ದಾರಿ ಕಂಡುಹಿಡಿದರು. ಬಜ್ಜಿ ಬಂಡಿಯನ್ನು ಗೋಡೆಗೆ ಒತ್ತಿ ಜಾಗ ಮಾಡಿದರು. ಕಾರಿನವರೆಲ್ಲ ಇಳಿದರು. ಸ್ವತಃ ಗುರುಬಸವನೂ ಸೊಂಟ ಬಗ್ಗಿಸಿ ಕೈ ಹಾಕಿದ, ಕಲ್ಯಾಣಪ್ಪನವರೂ ಹಿಂಬದಿ ಹಿಡಿದರು.

"ಒಕಟಿ, ರೆಂಡು, ಮೂಡು."

ಕಾರು ಎದ್ದಿತು, ಸರಿಯಿತು, ಕೂತಿತು. ಮತ್ತೆ ಎದ್ದಿತು. ಅರ್ಧ ತಿರುಗುವಷ್ಟರಲ್ಲಿ ಫಟ್ ಎಂದು ಸದ್ದಾಯಿತು. ಎಲ್ಲರೂ ತಿರುಗಿ ನೋಡಿದರೆ ಕಲ್ಯಾಣಪ್ಪ ಕೈಯಲ್ಲಿ ಸ್ಪಾಯ್ಲರ್ ಹಿಡಿದು ನಿಂತಿದ್ದರು.

"ಇದು ಕೈಗೇ ಬಂತಲ್ಲೋ ತಮ್ಮಾ" ಎಂದರು ಸಣ್ಣ ದನಿಯಲ್ಲಿ.

ಕಾರಿನ ಮುಖ ಹೊರಗಾಗುವಾಗ ಗುರುಬಸವನ ಸೊಂಟ ಹಿಡಿದುಕೊಂಡಿತ್ತು. ಉಪಕಾರಕ್ಕೆ ಪ್ರತಿಯಾಗಿ ಹುಡುಗರಿಗೆಲ್ಲ ಬಜ್ಜಿ ತಿನ್ನಿಸಬೇಕಾಯಿತು. ಸಾಫ್ಟ್‌ವೇರ್ ಕಲಿಯುವವರ ಹಸಿವು ಎಂಥದ್ದೆಂದು ಅವನಿಗೆ ಅಂದು ತಿಳಿಯಿತು. ಬಂಡಿ ಖಾಲಿಯಾಗುವ ಹೊತ್ತಿಗೆ ಬಿಸಿಲು ಇಳಿದಿತ್ತು.

"ದೀಪ ಹಚ್ಚೂ ಹೊತ್ತಾತು, ಮನೀಗೆ ನಡಿ" ಎಂದರು ಶಾರದಾಬಾಯಿ. ಇವರನ್ನೆಲ್ಲ ಇಳಿಸಿ ಒಬ್ಬನೇ ಗಚ್ಚಿಬೌಲಿಗೆ ಹೋಗುವುದೆಂದು ಗುರುಬಸವ ಮನಸ್ಸಿನಲ್ಲೇ ಸಮಾಧಾನ ಹೇಳಿಕೊಂಡ.

ಆದರೆ ಗೇಟಿನೊಳಗೆ ಎಲ್ಲರನ್ನೂ ಇಳಿಸುವಷ್ಟರಲ್ಲಿ ಹಿಂದೆಯೇ ನೀರಿನ ಟ್ಯಾಂಕರ್ ಬಂದು ಹಾರ್ನ್ ಬಾರಿಸತೊಡಗಿತು. ವಾಚ್‌ಮನ್ ಓಡಿ ಬಂದ. ಟ್ಯಾಂಕರ್ ಸಂಪಿನ ಹತ್ತಿರ ಬರಬೇಕು, ಸಾರ್ ತಕ್ಷಣ ತಮ್ಮ ಜಾಗದಲ್ಲಿ ಗಾಡಿ ಇಡಬೇಕು. ಅವನ ಜಾಗವೋ ಎರಡು ಕಂಬಗಳ ನಡುವೆ. ಹಿಂದಕ್ಕೇ ಹೋಗಿ ನಿಲ್ಲಿಸಬೇಕು, ಬೇರೆ ದಾರಿ ಇಲ್ಲ.

"ಇನ್ನೂ ದೀಪ..." ಎಂದು ಗುರುಬಸವ ಬಾಯಿ ತೆಗೆದ.

ಒಳಗೆ ಹೋಗಿದ್ದ ಶಾರದಾಬಾಯಿ ಕಿಟಕಿಯಲ್ಲಿ ಮುಖ ತೋರಿಸಿದರು. "ಈಗರೆ ಹಚ್ಚಿದೆ ನೋಡಪಾ. ಇನ್ನ ಬೇಕಾದಷ್ಟು ಹಿಂದಕ್ಕ ತಗೋ, ಅಡ್ಡಿ ಇಲ್ಲ."

ದೇವರು ಕೈಬಿಟ್ಟ. ಗುರುಬಸವ ರಿವರ್ಸ್ ಹಾಕಿದ. ಕಾರು ಎಡಗಡೆ ಕಂಬದ ಕಡೆ ಹೊರಟಿತು. ಬಲಕ್ಕೆ ತಿರುಗಿಸೋಣವೆಂದು ಇನ್ನಷ್ಟು ಎಡಕ್ಕೇ ತಿರುಗಿಸಿದ. ಬಾಲ್ಕನಿಗಳು ತುಂಬಿದವು. ಒಬ್ಬರು ತೆಲುಗಿನಲ್ಲಿ ಬಲಕ್ಕೆ ಎಂದರು, ಇನ್ನೊಬ್ಬರು ಹಿಂದಿಯಲ್ಲಿ ಎಡಕ್ಕೆ ಎಂದರು, ಕಲ್ಯಾಣಪ್ಪ ಕನ್ನಡದಲ್ಲಿ ನೇರ ಎಂದರು. ಕಂಬಕ್ಕೆ ಗೇಣು ಉಳಿದಾಗ ಇಂಜಿನ್ ಗಕ್ಕನೆ ನಿಂತಿತು. ಟ್ಯಾಂಕರಿನವನು ಹಾರ್ನ್ ಬಿಟ್ಟು ಕೈಕಟ್ಟಿ ನೋಡತೊಡಗಿದ. ಗುರುಬಸವನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಸುಮಂಗಲಾ ಬಂದು ಬಾಗಿಲು ತೆರೆದಳು. "ಇಳೀರಿ."

ಅವನು ಇಳಿದ. ಅವಳು ಸೆರಗು ಸಿಕ್ಕಿಸಿ, ಸೀಟು ಮುಂದೆಳೆದುಕೊಂಡು, ಕನ್ನಡಿ ಸರಿಮಾಡಿ, ಕಾರನ್ನು ತುಸು ಮುಂದೆ ತಂದು, ಕತ್ತು ಹಿಂದಕ್ಕೆ ತಿರುಗಿಸಿ ಒಂದೇ ಏಟಿಗೆ ಎರಡು ಕಂಬಗಳ ನಡುವೆ ನಿಲ್ಲಿಸಿದಳು. ಬಾಲ್ಕನಿಗಳಲ್ಲಿ ಚಪ್ಪಾಳೆ ಬಿತ್ತು.

"ನೀ ಯಾವಾಗ ಕಲತಿ?" ಎಂದು ಗುರುಬಸವ ಕೇಳಿದ.

"ನೀವು ಆಫೀಸಿಗೆ ಹೋದ ಮ್ಯಾಲೆ. ನಿಮ್ಮ ಸ್ಕೂಲಿನಾಗೇ, ನಿಮ್ಮ ಮಾಸ್ತರ ಹತ್ರಾನೇ." ಅವಳು ಕಣ್ಣು ತಗ್ಗಿಸಿದಳು. "ನಿಮ್ಮ ರಿವರ್ಸ್ ವಿಷಯ ಅವರು ಮೊದಲನೇ ದಿನಾನೇ ಹೇಳಿದ್ರು."

"ಅಂದ್ರ ಆ ಎತ್ತಿನ ರೂಢಿ?"

"ನಾನೇ ಕಾಕು ಕಡಿಂದ ಹೇಳಿಸಿದ್ದು, ಯಾಕಂತ ಅವರಿಗೂ ಹೇಳಿರಲಿಲ್ಲ. ನಾಕು ಮಂದಿ ಎದುರಿಗೆ ನಿಮ್ಮ ಮರ್ಯಾದಿ ಹೋಗಬಾರದು ಅಂತ. ನೀವು ಗಾಡೀನ ಎತ್ತಿಸೂ ತನಕ ಹೋಗತೀರಂತ ನನಗೇನ್ರಿ ಗೊತ್ತು?"

ಗುರುಬಸವ ಸೊಂಟ ಹಿಡಿದುಕೊಂಡು ಕಂಬಕ್ಕೆ ಒರಗಿದ. ಸಿಟ್ಟು ಮಾಡೋಣವೆಂದರೆ ಹೆಂಡತಿಯ ಮೇಲೆ ಅಭಿಮಾನವೇ ಉಕ್ಕಿ ಬರುತ್ತಿತ್ತು, ಅದು ಇನ್ನೂ ಹಿಂಸೆ.

ಟ್ಯಾಂಕರ್ ನೀರು ಬಿಟ್ಟು ಹೋಯಿತು. ಶಾರದಾಬಾಯಿ ಹೊಸ ಸೀರೆ ಉಟ್ಟು ಹೊರಗೆ ಬಂದರು. "ಸುಮಾ, ನಿನಗ ಇಷ್ಟು ಛಲೋ ಬರತೈತಿ ಅಂದ ಮ್ಯಾಲೆ ಆ ಹೊಸಾ ರೋಡ್ ತೋರಿಸೇ ಬಿಡು." ಕಲ್ಯಾಣಪ್ಪ ಆಗಲೇ ಮುಂದಿನ ಸೀಟಿಗೆ ಇಳಿದಿದ್ದರು, ಅವರನ್ನು ಅಲ್ಲಿಂದ ಎತ್ತುವುದು ಯಾರಿಂದಲೂ ಸಾಧ್ಯವಿರಲಿಲ್ಲ.

ಗಚ್ಚಿಬೌಲಿ ದಾಟಿ ಹೊಸ ರಸ್ತೆ ಸಿಕ್ಕಿತು. ಸುಮಂಗಲಾಳ ಕೈ ಮೂರು ದಾಟಿತು, ನಾಲ್ಕು ದಾಟಿತು. ಐದನೇ ಗೇರು ಬಿತ್ತು. ಗೆಳೆಯರು ಹೇಳಿದ್ದು ಸುಳ್ಳಲ್ಲ, ಗಾಡಿ ನಿಜಕ್ಕೂ ಹಾಡಿತು.

ಆಗಲೇ ಗುರುಬಸವನ ಮೊಬೈಲ್ ರಿಂಗಣಿಸಿತು. ಆಫೀಸಿನಲ್ಲಿ ಪಕ್ಕದ ಕುರ್ಚಿಯ ಸಾಯಿಕುಮಾರ, ಅವನೂ ಇದೇ ಕಾರು ಬುಕ್ ಮಾಡುವ ಯೋಚನೆಯಲ್ಲಿದ್ದ.

"ಹೆಂಗೈತಿ ಗುರು ಹೊಸಾ ಗಾಡಿ? ಖರೇ ಹೇಳು."

ಶಾರದಾಬಾಯಿಯ ಪಕ್ಕದಲ್ಲಿ, ತೊಡೆಯ ಮೇಲೆ ಸ್ಪಾಯ್ಲರ್ ಇಟ್ಟುಕೊಂಡು, ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡಿದ್ದ ಗುರುಬಸವ ಕ್ಷಣ ಯೋಚಿಸಿದ.

"ಗಾಡಿ ಛಲೋ ಐತಿ" ಎಂದ. "ಹಿಂದಿನ ಸೀಟಿನಾಗ ಕಾಲಿಡಾಕ ಜಾಗಾ ಸಾಲಂಗಿಲ್ಲ."